ಬಿಗ್ ಬಿಲ್‌ನ ಸೂಟು, ನಮ್ಮೂರ ರುಮಾಲು

ಅಮಾವಾಸ್ಯೆಯ ರಾತ್ರಿ. ಸಿಂಧನೂರಿನಿಂದ ಮಸ್ಕಿ ಕಡೆ ಹೋಗುವ ರಸ್ತೆ ಬಿಟ್ಟು ಒಂದಿಷ್ಟು ಒಳಗಿರುವ ಯಾವುದೇ ಊರು ಅಂದುಕೊಳ್ಳಿ. ಗುಡಿಯ ಮುಂದೆ ಜಮಖಾನ ಹಾಸಿದೆ. ಉಂಡವರು ಒಬ್ಬೊಬ್ಬರಾಗಿ ಬಂದು ಕಂಬಕ್ಕೆ ಒರಗುತ್ತಾರೆ. ಹಾರ್ಮೋನಿಯಂ ಪೇಟಿಯವರು ತಿದಿ ಬಿಚ್ಚಿ ಒಂದು ಸ್ವರ ಹಿಡಿದು ಕೂರುತ್ತಾರೆ. ತಬಲಾದ ಹುಡುಗ ಸಣ್ಣ ಸುತ್ತಿಗೆಯಿಂದ ಅಂಚು ಬಡಿದು ಬಡಿದು ಅದಕ್ಕೆ ಕೂಡಿಸುತ್ತಾನೆ. ದಮ್ಮಡಿಯನ್ನು ಯಾರೋ ಬೆಂಕಿಗೆ ಹಿಡಿದು ಬಿಸಿ ಮಾಡುತ್ತಿದ್ದಾರೆ.

ಹಾಡುವ ಹಿರಿಯರು ಹಗಲೆಲ್ಲ ಗದ್ದೆಯಲ್ಲಿದ್ದವರು. ಮೊದಲು ಗಣಪತಿ, ಆಮೇಲೆ ಒಂದು ದಾಸರ ಪದ, ಅದರ ಹಿಂದೆ ಕಡಕೋಳ ಮಡಿವಾಳಪ್ಪನವರ ತತ್ವಪದ. ನಡುರಾತ್ರಿ ದಾಟಿತೆಂದರೆ ಕಂಪನಿ ನಾಟಕದ ರಂಗಗೀತೆ ತಾನಾಗಿ ಬರುತ್ತದೆ. ಹಿಂದಿನ ಸಾಲಿನಿಂದ ಯಾರೋ ರಾಜಕುಮಾರ್ ಸಿನಿಮಾದ ಭಕ್ತಿಗೀತೆ ಕೇಳುತ್ತಾರೆ, ಅದೂ ಆಗುತ್ತದೆ. ಯಾವುದು ಶಾಸ್ತ್ರೀಯ, ಯಾವುದು ಜಾನಪದ ಎಂದು ಅಲ್ಲಿ ಕೂತವರು ಕೇಳುವುದಿಲ್ಲ.

ಮರುವಾರ ತಾಲ್ಲೂಕು ಮಟ್ಟದ ಕಾರ್ಯಕ್ರಮ. ಅದನ್ನು ವಹಿಸಿಕೊಂಡ ಹುಡುಗ ಬಂದು ಹೇಳುತ್ತಾನೆ: ‘ಕಾಕಾ, ಜಾನಪದದಾಗ ನಿಮ್ಮ ಹೆಸರು ಹಾಕೀವಿ. ಪೇಟಿ ಬ್ಯಾಡ. ಏಕತಾರಿ ಹಿಡ್ಕೊಂಡು, ರುಮಾಲು ಸುತಗೊಂಡು ಬರ್ರಿ.’ ಕಾಕಾ ರುಮಾಲು ಬಿಟ್ಟು ಎಷ್ಟೋ ವರ್ಷವಾಗಿದೆ. ಏಕತಾರಿಯನ್ನು ಪಕ್ಕದ ಊರಿನಿಂದ ಕೇಳಿ ತರಬೇಕು. ತರುತ್ತಾರೆ. ಐದು ನಿಮಿಷ ಹಾಡುತ್ತಾರೆ, ಶಾಲು ಹೊದ್ದು ಬರುತ್ತಾರೆ.

ಇಂಥದ್ದೇ ಒಂದು ಕರೆ ಎಂಬತ್ತು ಚಿಲ್ಲರೆ ವರ್ಷದ ಹಿಂದೆ ಅಮೆರಿಕದ ಒಬ್ಬ ಹಾಡುಗಾರನಿಗೂ ಬಂದಿತ್ತು. ಅವನ ಹೆಸರು ಬಿಗ್ ಬಿಲ್ ಬ್ರೂನ್ಜಿ. ಬ್ಲೂಸ್ ಹಾಡಿ ಹೆಸರು ಮಾಡಿದವನು, ಬದುಕಿನ ಕೊನೆಯ ಹತ್ತು ವರ್ಷದಲ್ಲಿ ಜಾನಪದ ಗಾಯಕನಾದ. ಆದ ಎನ್ನುವುದಕ್ಕಿಂತ, ಜನ ಹಾಗೆ ಕರೆದರು, ಅವನು ಒಪ್ಪಿಕೊಂಡ. ಆ ಒಪ್ಪಿಗೆಯ ಹಿಂದೆ ಏನಿತ್ತು ಎಂಬುದು ಸಿಂಧನೂರು, ಲಿಂಗಸುಗೂರು, ಮಸ್ಕಿಯ ಹಾಡುಗಾರರಿಗೆ ದೂರದ ವಿಚಾರವೇನಲ್ಲ.

ಕಾರ್ನೆಗಿ ಹಾಲ್‌ಗೆ ಬಂದ ‘ರೈತ’

1938ರ ಡಿಸೆಂಬರ್ 23. ನ್ಯೂಯಾರ್ಕಿನ ಕಾರ್ನೆಗಿ ಹಾಲ್. ಜಾನ್ ಹ್ಯಾಮಂಡ್ ಎಂಬ ಸಂಗೀತಪ್ರೇಮಿ ಕರಿಯರ ಸಂಗೀತವನ್ನು ಬಿಳಿಯ ಶ್ರೋತೃಗಳ ಮುಂದಿಡಲು ದೊಡ್ಡ ಕಛೇರಿ ಏರ್ಪಡಿಸಿದ್ದ. ಹಳ್ಳಿಯ ಬ್ಲೂಸ್ ಹಾಡಲು ಅವನು ಬಯಸಿದ್ದು ಮಿಸಿಸಿಪಿಯ ರಾಬರ್ಟ್ ಜಾನ್ಸನ್‌ನನ್ನು. ಹುಡುಕಿಸಿದಾಗ ತಿಳಿಯಿತು, ಜಾನ್ಸನ್ ಅದೇ ಆಗಸ್ಟ್‌ನಲ್ಲಿ ತೀರಿಕೊಂಡಿದ್ದ. ಅವನ ಜಾಗಕ್ಕೆ ಬಂದವನು ಬಿಗ್ ಬಿಲ್.

ಅರ್ಕಾನ್ಸಾದಲ್ಲಿ ಹೊಲ, ಹೇಸರಗತ್ತೆ ಬಿಟ್ಟು ಮೊದಲ ಸಲ ಮಹಾನಗರ ಕಂಡ ರೈತ ಎಂಬಂತೆ ಅವನ ಪರಿಚಯವಾಯಿತು. ಸಭೆ ಚಪ್ಪಾಳೆ ತಟ್ಟಿತು. ನಿಜ ಏನೆಂದರೆ ಅಷ್ಟೊತ್ತಿಗೆ ಬಿಗ್ ಬಿಲ್ ಷಿಕಾಗೊದಲ್ಲಿ ನೆಲೆಸಿ ಹತ್ತು ವರ್ಷದ ಮೇಲಾಗಿತ್ತು. ಸೂಟು ಹಾಕಿ ಪಿಯಾನೊ, ಟ್ರಂಪೆಟ್, ಡ್ರಮ್ಸ್ ಜೊತೆಗೆ ಹಾಡುವ, ಗ್ರಾಮಫೋನ್ ತಟ್ಟೆಗಳು ಚೆನ್ನಾಗಿ ಮಾರಾಟವಾಗುತ್ತಿದ್ದ ಪೇಟೆಯ ಕಲಾವಿದ. ಅದೇ ವರ್ಷದ ಮಾರ್ಚ್‌ನಲ್ಲಿ ಅವನ ರೆಕಾರ್ಡಿಂಗ್‌ನಲ್ಲಿ ಜಾರ್ಜ್ ಬಾರ್ನ್ಸ್ ಎಂಬ ಹದಿನಾರರ ಹುಡುಗ ಕರೆಂಟ್ ಗಿಟಾರ್ ನುಡಿಸಿದ್ದ. ಬ್ಲೂಸ್ ತಟ್ಟೆಗಳಲ್ಲಿ ವಿದ್ಯುತ್ ಗಿಟಾರ್ ಕೇಳಿಸಿದ ತೀರಾ ಮೊದಲ ಸಂದರ್ಭಗಳಲ್ಲಿ ಅದೂ ಒಂದು. ಮಾರ್ಚ್‌ನಲ್ಲಿ ಹೊಸ ಕಾಲದ ಮುಂದಾಳು, ಡಿಸೆಂಬರ್‌ನಲ್ಲಿ ಹೊಲದ ಮುಗ್ಧ.

ಹಾಡಿನ ಕಟ್ಟು

ಬ್ಲೂಸ್ ಎಂದರೆ ದುಃಖದ ಹಾಡು ಎಂದು ಕೇಳಿರುತ್ತೇವೆ. ಅದು ಅರ್ಧ ಮಾತ್ರ ಸರಿ. ನಗು, ಕುಚೋದ್ಯ, ಸಿಟ್ಟು, ಪೋಲಿತನ ಎಲ್ಲ ಅದರಲ್ಲಿದೆ.

ಕಟ್ಟು ಬಹಳ ಸರಳ. ಒಂದು ಸಾಲು ಹಾಡುತ್ತಾರೆ. ಅದನ್ನೇ ಇನ್ನೊಮ್ಮೆ ಹಾಡುತ್ತಾರೆ. ಮೂರನೆಯ ಸಾಲು ಅದಕ್ಕೆ ಉತ್ತರ ಕೊಡುತ್ತದೆ ಅಥವಾ ಅದನ್ನು ಬುಡಮೇಲು ಮಾಡುತ್ತದೆ. ಸಾಲು ಮುಗಿದ ಕಡೆ ಕಂಠ ನಿಲ್ಲುತ್ತದೆ, ಗಿಟಾರ್ ಮಾತಾಡುತ್ತದೆ. ಇಡೀ ಸುತ್ತು ಹನ್ನೆರಡು ಅಳತೆಗಳದ್ದು, ಕೆಳಗೆ ಮೂರೇ ಮೂರು ಸ್ವರಮೇಳ. ಗಾಂಧಾರ, ನಿಷಾದಗಳನ್ನು ಪೂರ್ತಿ ಶುದ್ಧವೂ ಅಲ್ಲದ, ಪೂರ್ತಿ ಕೋಮಲವೂ ಅಲ್ಲದ ಜಾಗದಲ್ಲಿ ಹಿಡಿದು ಜಗ್ಗುತ್ತಾರೆ. ಪೇಟಿಯ ಮನೆಗಳ ನಡುವೆ ಬೀಳುವ ಸ್ವರ ಅದು. ಗಿಟಾರಿನ ತಂತಿ ಜಗ್ಗಿದರೆ ಸಿಗುತ್ತದೆ, ಗಂಟಲಿಗಂತೂ ಸಲೀಸು.

ಎರಡನೆಯ ಸಲ ಅದೇ ಸಾಲು ಹಾಡುವಾಗ ಹಾಡುಗಾರ ಮುಂದಿನ ಸಾಲು ಕಟ್ಟಿಕೊಳ್ಳುತ್ತಿರುತ್ತಾನೆ. ಹಾಗಾಗಿ ಕೂತಲ್ಲೇ ಹಾಡು ಬೆಳೆಸಲು ಬರುತ್ತದೆ. ನಮ್ಮ ಭಜನೆಯಲ್ಲಿ ಹಿಮ್ಮೇಳದವರು ಪಲ್ಲವಿ ಎತ್ತಿಕೊಂಡಾಗ ಮುಂದಿನವರಿಗೆ ಉಸಿರಾಡಲು, ನೆನಪು ಮಾಡಿಕೊಳ್ಳಲು ಸಿಗುವ ಬಿಡುವೂ ಇದೇ ಕೆಲಸ ಮಾಡುತ್ತದೆ.

ಗುಳೆ ಹೋದ ಹಾಡು

ಬಿಗ್ ಬಿಲ್‌ನ ಹುಟ್ಟುಹೆಸರು ಲೀ ಕಾನ್ಲಿ ಬ್ರಾಡ್ಲಿ. ತಾನು 1893ರಲ್ಲಿ ಮಿಸಿಸಿಪಿಯಲ್ಲಿ ಹುಟ್ಟಿದೆ ಎಂದು ಅವನು ಜೀವನಪೂರ್ತಿ ಹೇಳಿಕೊಂಡು ಬಂದ. ಅವನ ಜೀವನಚರಿತ್ರೆ ಬರೆದ ಬಾಬ್ ರೀಸ್ಮನ್ ಕುಟುಂಬದ ದಾಖಲೆ ಜಾಲಾಡಿ ನೋಡಿದರೆ ಸಿಕ್ಕಿದ್ದು 1903, ಅದೂ ಅರ್ಕಾನ್ಸಾದಲ್ಲಿ. ಹತ್ತು ವರ್ಷ ಕೂಡಿಸಿಕೊಂಡದ್ದೇಕೆ? ಜಾನಪದದಲ್ಲಿ ವಯಸ್ಸಾದವರಿಗೆ ಬೆಲೆ ಹೆಚ್ಚು ಎಂಬುದು ನನ್ನ ಊಹೆ.

ಹತ್ತಿ ಬೆಳೆಯುವ ಸೀಮೆ. ಜಮೀನು ಬಿಳಿಯರದು, ದುಡಿಮೆ ಕರಿಯರದು. ಪಾಲಿಗೆ ಉಳುವವರು ಬೀಜ, ಗೊಬ್ಬರ, ಹಿಟ್ಟು ಎಲ್ಲವನ್ನೂ ಧಣಿಯ ಅಂಗಡಿಯಿಂದಲೇ ಸಾಲ ತರಬೇಕು. ಸುಗ್ಗಿ ಮುಗಿದು ಲೆಕ್ಕ ಹಾಕಿದಾಗ ಸಾಲ ಮಾತ್ರ ಉಳಿದಿರುತ್ತಿತ್ತು. ಹುಡುಗ ಲೀ ಸಿಗಾರ್ ಡಬ್ಬಿಯಿಂದ ಪಿಟೀಲು ಮಾಡಿಕೊಂಡು ಕಲಿತ. ಬಿಳಿಯರ ಕೂಟಗಳಲ್ಲೂ ಕರಿಯರ ಕೂಟಗಳಲ್ಲೂ ನುಡಿಸಿದ. ಅಂದರೆ ಅವನ ಮೊದಲ ವಾದ್ಯ ಗಿಟಾರ್ ಅಲ್ಲ, ಮೊದಲ ಸಂಗೀತವೂ ಬ್ಲೂಸ್ ಒಂದೇ ಅಲ್ಲ.

1910ರಿಂದ 1970ರ ಒಳಗೆ ಸುಮಾರು 60 ಲಕ್ಷ ಕರಿಯರು ದಕ್ಷಿಣದ ಹೊಲ ಬಿಟ್ಟು ಉತ್ತರದ ಮತ್ತು ಪಶ್ಚಿಮದ ನಗರಗಳಿಗೆ ಹೋದರು. ಲಿಂಗಸುಗೂರು, ಮಸ್ಕಿ ಕಡೆಯ ಹಳ್ಳಿಗಳಿಂದ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋದವರ ಮನೆಗಳ ಬೀಗ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಒಂದು ವ್ಯತ್ಯಾಸವಿದೆ. ನಮ್ಮವರು ಮಳೆ ಬಿದ್ದರೆ, ಜಾತ್ರೆ ಬಂದರೆ ವಾಪಸ್ ಬರುತ್ತಾರೆ. ಅವರಲ್ಲಿ ಬಹಳ ಮಂದಿ ತಿರುಗಿ ನೋಡಲಿಲ್ಲ. ಬಡತನದ ಜೊತೆಗೆ ಕೊಲೆಬೆದರಿಕೆಯೂ ಅವರನ್ನು ಊರು ಬಿಡಿಸಿತ್ತು.

ಷಿಕಾಗೊದಲ್ಲಿ ಬಿಲ್ ರೈಲಿನ ಐಷಾರಾಮಿ ಬೋಗಿಗಳಲ್ಲಿ ಆಳಾಗಿ, ಎರಕದ ಕಾರ್ಖಾನೆಯಲ್ಲಿ ಕೂಲಿಯಾಗಿ ದುಡಿದ. ಪಾಪಾ ಚಾರ್ಲಿ ಜಾಕ್ಸನ್ ಎಂಬ ಹಿರಿಯ ಕಲಾವಿದನ ಹತ್ತಿರ ಗಿಟಾರ್ ತಿದ್ದಿಕೊಂಡ. ಶನಿವಾರ ರಾತ್ರಿ ಬಾಡಿಗೆ ಕಟ್ಟಲು ಹಣ ಕೂಡಿಸುವ ಮನೆಕೂಟಗಳಲ್ಲಿ ಹಾಡಿದ. 1927ರಲ್ಲಿ ಮೊದಲ ರೆಕಾರ್ಡಿಂಗ್. 1930ರ ದಶಕದಲ್ಲಿ ಹಾಡಿನ ಮೇಲೆ ಹಾಡು ಬಂದವು. ಒಟ್ಟು ಇನ್ನೂರಕ್ಕೂ ಹೆಚ್ಚು. ಬೇರೆಯವರ ಹಾಡಿಗೂ ಗಿಟಾರ್ ನುಡಿಸಿದ, ಹೊಸಬರನ್ನು ಕಂಪನಿಗಳಿಗೆ ಪರಿಚಯಿಸಿದ. ಇಷ್ಟಾದರೂ ಹಾಡಿನಿಂದಲೇ ಮನೆ ನಡೆಸುವುದು ಅವನಿಗೆ ಪೂರ್ತಿ ಸಾಧ್ಯವಾಗಲಿಲ್ಲ. ಹಾಡು ಬರೆದವರ ಹಕ್ಕಿನ ದುಡ್ಡು ಮಧ್ಯವರ್ತಿಗಳ ಕೈಯಲ್ಲೇ ಕರಗುತ್ತಿದ್ದ ಕಾಲ.

ಗಿರಾಕಿ ಬದಲಾದಾಗ

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಷಿಕಾಗೊದ ಕಿವಿಯೇ ಬೇರೆಯಾಯಿತು. ಮಿಸಿಸಿಪಿಯಿಂದ ಹೊಸದಾಗಿ ಬಂದ ಮಡ್ಡಿ ವಾಟರ್ಸ್‌ನಂಥವರು ಗದ್ದಲದ ಬಾರುಗಳಲ್ಲಿ ಕೇಳಿಸಲೆಂದು ಗಿಟಾರಿಗೆ ಆಂಪ್ಲಿಫೈಯರ್ ಹಚ್ಚಿದರು. ಮುಂದೆ ಚೆಸ್ ಎಂದು ಹೆಸರಾದ ಕಂಪನಿ ಅವರನ್ನು ಎತ್ತಿಕೊಂಡಿತು. ಬಿಲ್‌ನ ನಯವಾದ ಹಳೆಯ ಶೈಲಿ ಕೇಳುವ ಕರಿಯ ಗಿರಾಕಿಗಳು ಕಡಿಮೆಯಾದರು.

ಅದೇ ಹೊತ್ತಿಗೆ ಇನ್ನೊಂದು ಬಾಗಿಲು ತೆರೆಯಿತು. ಕಾಲೇಜು ಓದಿದ, ಎಡಪಂಥದ ಒಲವಿನ ಬಿಳಿಯ ಯುವಕರು ಜನಪದ ಹಾಡುಗಳ ಹಿಂದೆ ಬಿದ್ದಿದ್ದರು. ಷಿಕಾಗೊದ ರೇಡಿಯೊ ನಿರೂಪಕ ಸ್ಟಡ್ಸ್ ಟರ್ಕೆಲ್ ಗೆಳೆಯರ ಜೊತೆ ಸೇರಿ ಕಾಲೇಜುಗಳಲ್ಲಿ ಜನಪದ ಗೀತೆಗಳ ಕಾರ್ಯಕ್ರಮ ಶುರು ಮಾಡಿದ್ದ. ಅದರ ಬ್ಲೂಸ್ ಭಾಗಕ್ಕೆ ಬಿಲ್ ಸೇರಿದ. ಬ್ಯಾಂಡ್ ಹೋಯಿತು. ಒಬ್ಬ ಮನುಷ್ಯ, ಒಂದು ಮರದ ಗಿಟಾರ್. ಜೊತೆಗೆ ಎಂದೋ ಬಿಟ್ಟಿದ್ದ ಹೊಲದ ಹಾಡು, ಚರ್ಚಿನ ಹಾಡು, ಕೂಲಿಯವರ ಹಾಡುಗಳನ್ನು ನೆನಪಿನಿಂದ ಎತ್ತಿ ತಂದ. ಕೆಲವನ್ನು ಹೊಸದಾಗಿಯೇ ಕಲಿತ.

ದುಡ್ಡು? 1950ರಲ್ಲಿ ಅವನು ಅಯೋವಾ ರಾಜ್ಯದ ಏಮ್ಸ್ ಎಂಬ ಊರಿನ ಕಾಲೇಜಿನಲ್ಲಿ ಕಸ ಗುಡಿಸುವ, ಒರೆಸುವ ನೌಕರಿ ಮಾಡುತ್ತಿದ್ದ. ಇನ್ನೂರಕ್ಕೂ ಹೆಚ್ಚು ಹಾಡು ಮುದ್ರಿಸಿದ ಕಲಾವಿದ.

1951ರಲ್ಲಿ ಫ್ರಾನ್ಸಿನಿಂದ ಕರೆ ಬಂತು, ಅಲ್ಲಿಂದ ಇಂಗ್ಲೆಂಡಿಗೆ. ಯುರೋಪಿನಲ್ಲಿ ಅವನನ್ನು ಬ್ಲೂಸ್ ಪರಂಪರೆಯ ಕೊನೆಯ ಕೊಂಡಿ ಎಂಬಂತೆ ಹೊತ್ತು ಮೆರೆಸಿದರು. ಷಿಕಾಗೊದ ದಕ್ಷಿಣ ಭಾಗದಲ್ಲಿ ಅದೇ ರಾತ್ರಿ ಹತ್ತಾರು ಬಾರುಗಳಲ್ಲಿ ಬ್ಲೂಸ್ ಮೊಳಗುತ್ತಿತ್ತು ಎಂದು ಬಿಲ್‌ಗೆ ಗೊತ್ತಿತ್ತು. ಗೊತ್ತಿದ್ದೂ ಅವನು ಆ ಬಿರುದನ್ನು ತಳ್ಳಿಹಾಕಲು ಹೋಗಲಿಲ್ಲ. ತಳ್ಳಿಹಾಕಿ ಏನು ಮಾಡಬೇಕಿತ್ತು, ಏಮ್ಸ್‌ಗೆ ಹೋಗಿ ಪೊರಕೆ ಹಿಡಿಯಬೇಕಿತ್ತೆ?

ಸೋಗು ಕೊಟ್ಟ ಸಲಿಗೆ

ಈ ಕಥೆಯನ್ನು ಇಲ್ಲಿಗೆ ನಿಲ್ಲಿಸಿದರೆ ಬಿಲ್ ಬರೀ ವೇಷ ಹಾಕಿದವನಾಗಿ ಕಾಣುತ್ತಾನೆ. ಆದರೆ ಜಾನಪದದ ವೇದಿಕೆ ಅವನಿಗೆ ಬ್ಲೂಸ್ ಮಾರುಕಟ್ಟೆ ಕೊಡದಿದ್ದ ಒಂದು ಸಲಿಗೆ ಕೊಟ್ಟಿತು.

ಯುದ್ಧ ಮುಗಿದ ಹೊಸದರಲ್ಲಿ ಅವನು ಮೈಬಣ್ಣದ ಭೇದದ ಬಗ್ಗೆ ನೇರವಾಗಿ ಒಂದು ಹಾಡು ಕಟ್ಟಿದ: ಕೆಲಸದ ಕಚೇರಿಯಲ್ಲಿ, ಬಾರಿನಲ್ಲಿ, ಕೂಲಿಯ ಲೆಕ್ಕದಲ್ಲಿ ಬಿಳಿಯ, ಕಂದು, ಕರಿಯ ಬಣ್ಣದವರಿಗೆ ಸಿಗುವ ಬೇರೆ ಬೇರೆ ಉತ್ತರಗಳ ಹಾಡು. ‘ಬ್ಲ್ಯಾಕ್, ಬ್ರೌನ್ ಅಂಡ್ ವೈಟ್’ ಎಂದು ಅದರ ಹೆಸರು. ಅಮೆರಿಕದ ಕಂಪನಿಗಳು ಬೇಡವೆಂದವು. ಕೊನೆಗೆ ಅದು ರೆಕಾರ್ಡ್ ಆದದ್ದು 1951ರಲ್ಲಿ, ಪ್ಯಾರಿಸ್ಸಿನಲ್ಲಿ.

ಇನ್ನೊಂದು ಪ್ರಸಂಗ 1947ರದು. ಜಾನಪದ ಸಂಗ್ರಾಹಕ ಅಲನ್ ಲೋಮ್ಯಾಕ್ಸ್ ಬಿಗ್ ಬಿಲ್, ಮೆಂಫಿಸ್ ಸ್ಲಿಮ್, ಸನ್ನಿ ಬಾಯ್ ವಿಲಿಯಮ್ಸನ್ ಮೂವರನ್ನು ನ್ಯೂಯಾರ್ಕಿನ ಸ್ಟುಡಿಯೊದಲ್ಲಿ ಕೂರಿಸಿ, ಬ್ಲೂಸ್ ಎಲ್ಲಿಂದ ಬಂತು ಹೇಳಿ ಎಂದ. ಮಾತು ಹಾಡಿನಿಂದ ಶುರುವಾಗಿ ನದಿಯೊಡ್ಡು ಕಟ್ಟುವ ಕೂಲಿಗಳ ಶಿಬಿರಕ್ಕೆ, ಜೈಲಿಗೆ, ಗುಂಪುಹತ್ಯೆಗೆ ಹೋಯಿತು. ನಡುನಡುವೆ ನಗು ಬೇರೆ. ಮುದ್ರಿಸಿದ್ದನ್ನು ಕೇಳಿಸಿದಾಗ ಮೂವರೂ ಹೆದರಿದರು. ಹೆಸರು ಹೊರಗೆ ಬಂದರೆ ದಕ್ಷಿಣದಲ್ಲಿರುವ ತಮ್ಮ ಮನೆಯವರ ಗತಿಯೇನು? ಆ ಧ್ವನಿಮುದ್ರಣ ಹತ್ತು ವರ್ಷ ಬಿಟ್ಟು ಸುಳ್ಳು ಹೆಸರುಗಳಲ್ಲಿ ಹೊರಬಂತು. ನಿಜವಾದ ಹೆಸರು ಹಾಕುವ ಹೊತ್ತಿಗೆ ಮೂವರೂ ಸತ್ತಿದ್ದರು.

ಇಂಥ ಬದುಕಿನಿಂದ ಬಂದವನು ತನ್ನ ಹುಟ್ಟಿದ ವರ್ಷ ತಿದ್ದಿಕೊಂಡದ್ದನ್ನು, ಊರು ಬದಲಿಸಿದ್ದನ್ನು ನಾನು ದೊಡ್ಡ ಮೋಸ ಎನ್ನಲಾರೆ. 1955ರಲ್ಲಿ ಬಂದ ಅವನ ಆತ್ಮಕಥೆಯಲ್ಲಿ ಕಟ್ಟುಕಥೆ ಬಹಳ ಇದೆ. ಆದರೆ ಆ ಕಟ್ಟುಕಥೆಗಳಲ್ಲಿ ನಡೆಯುವುದೆಲ್ಲ ಯಾರಿಗೋ ಒಬ್ಬರಿಗೆ ನಡೆದೇ ಇತ್ತು.

ಎಲ್ಲ ಹಾಡೂ ಜಾನಪದವೇ, ಕುದುರೆ ಹಾಡಿದ್ದನ್ನು ನಾನು ಕೇಳಿಲ್ಲ ಎಂಬ ಅರ್ಥದ ಮಾತೊಂದು ಅವನ ಹೆಸರಿನಲ್ಲಿ ಓಡಾಡುತ್ತದೆ. ಅದೇ ಮಾತನ್ನು ಜಾಝ್ ಕಲಾವಿದ ಲೂಯಿ ಆರ್ಮ್‌ಸ್ಟ್ರಾಂಗ್ ಹೆಸರಿಗೂ ಹಚ್ಚುತ್ತಾರೆ. ಯಾರು ಹೇಳಿದರೇನು, ‘ನೀವು ಹಾಡುವುದು ನಿಜವಾದ ಜಾನಪದವೇ?’ ಎಂದು ಮೇಲಿಂದ ಮೇಲೆ ಕೇಳಿಸಿಕೊಂಡ ಯಾರಾದರೂ ಕೊಡಬಹುದಾದ ಉತ್ತರ ಅದು.

ಕರೆಂಟ್ ತೆಗೆದರೆ ಜಾನಪದ

1958ರಲ್ಲಿ ಮಡ್ಡಿ ವಾಟರ್ಸ್ ಮೊದಲ ಸಲ ಇಂಗ್ಲೆಂಡಿಗೆ ಹೋದ. ಬಿಗ್ ಬಿಲ್‌ನ ಮೆತ್ತನೆಯ ಮರದ ಗಿಟಾರ್ ಕೇಳಿ ಪಳಗಿದ್ದ ಶ್ರೋತೃಗಳಿಗೆ ಮಡ್ಡಿಯ ಕರೆಂಟ್ ಗಿಟಾರಿನ ಅಬ್ಬರ ಕಿವಿಗೆ ಬಡಿಯಿತು. ಪತ್ರಿಕೆಗಳಲ್ಲಿ ಆಕ್ಷೇಪ ಬಂತು. ಮಡ್ಡಿ ಮಾತ್ರ ಷಿಕಾಗೊದಲ್ಲಿ ದಿನಾ ಹಾಡುವಂತೆಯೇ ಹಾಡಿದ್ದ. 1964ರಲ್ಲಿ ಚೆಸ್ ಕಂಪನಿ ಅದೇ ಮಡ್ಡಿಯ ಕೈಗೆ ಕರೆಂಟಿಲ್ಲದ ಗಿಟಾರ್ ಕೊಟ್ಟು ‘ಫೋಕ್ ಸಿಂಗರ್’ ಎಂದು ಹೆಸರಿಟ್ಟು ಒಂದು ಆಲ್ಬಂ ತಂದಿತು. ಕರೆಂಟಿನ ತಂತಿ ಕಿತ್ತರೆ ಜಾನಪದ, ಹಚ್ಚಿದರೆ ಅಲ್ಲ.

ಇದಕ್ಕಿಂತ ವಿಚಿತ್ರ ಸನ್ ಹೌಸ್‌ನದು. ಮಿಸಿಸಿಪಿಯ ಈ ಹಳೆಯ ಗಾಯಕ ಹಾಡು ಬಿಟ್ಟು ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ವಾಸವಾಗಿದ್ದ. 1964ರಲ್ಲಿ ಬಿಳಿಯ ಹುಡುಗರು ಹುಡುಕಿಕೊಂಡು ಬಂದಾಗ ಅವನ ಹತ್ತಿರ ಗಿಟಾರೇ ಇರಲಿಲ್ಲ, ಹಾಡೂ ಮರೆತುಹೋಗಿತ್ತು. ಅಲ್ ವಿಲ್ಸನ್ ಎಂಬ ಇಪ್ಪತ್ತರ ಆಸುಪಾಸಿನ ಹುಡುಗ, ಸನ್ ಹೌಸ್‌ನ ಮೂವತ್ತರ ದಶಕದ ತಟ್ಟೆಗಳನ್ನು ಕೇಳಿ ಕಲಿತವನು, ಎದುರು ಕೂತು ಅವನ ಹಾಡನ್ನು ಅವನಿಗೇ ಮತ್ತೆ ಕಲಿಸಿದ.

ಎಡೆದೊರೆಯಲ್ಲಿ ಎದುರು ದಾರಿ

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ನಮ್ಮ ಎಡೆದೊರೆ ಸೀಮೆಯಲ್ಲಿ ಹಾಡಿನ ನೀರು ಎಂದೂ ಬತ್ತಿಲ್ಲ. ಕಸಬಾ ಲಿಂಗಸುಗೂರಿನ ಪ್ರಾಣೇಶದಾಸರು ಮಾನ್ವಿಯ ಜಗನ್ನಾಥದಾಸರ ಶಿಷ್ಯರು. ಸಿಂಧನೂರು ತಾಲ್ಲೂಕಿನ ಅಂಬಾಮಠಕ್ಕೆ ಅವಧೂತ ಚಿದಾನಂದರ ನೆನಪು ಅಂಟಿದೆ; ಅವರ ದೇವಿ ಪುರಾಣವನ್ನು ನವರಾತ್ರಿಯಲ್ಲಿ ಈ ಭಾಗದ ಊರೂರಲ್ಲಿ ಓದಿಸುತ್ತಾರೆ. ಲಿಂಗಸುಗೂರು ತಾಲ್ಲೂಕಿನ ಮುದಗಲ್ ಮೊಹರಂನಲ್ಲಿ ರಿವಾಯತ್ ಪದ ಹಾಡುವವರಲ್ಲಿ ಹಿಂದೂಗಳೂ ಇದ್ದಾರೆ. ಇವೆಲ್ಲ ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯ. ಊರ ಭಜನೆಯ ಹಾಡುಗಾರನಿಗೆ ಒಂದೇ ಗಂಟಲು.

ಈ ಗಂಟಲಿಗೆ ರಾಗದ ತಾಲೀಮು ಸಿಕ್ಕಿದ್ದು ಮುಖ್ಯವಾಗಿ ಎರಡು ಕಡೆಯಿಂದ. ಒಂದು, ಕಂಪನಿ ನಾಟಕ. ರಂಗಗೀತೆಯ ಬೆನ್ನಿಗೆ ಹಿಂದೂಸ್ತಾನಿ ರಾಗಗಳು ಹಳ್ಳಿಗೆ ಬಂದವು, ಪೇಟಿಯೂ ಬಂತು. ಇನ್ನೊಂದು, ಗದಗಿನ ವೀರೇಶ್ವರ ಪುಣ್ಯಾಶ್ರಮ. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಅಂಧ ಮತ್ತು ಬಡ ಮಕ್ಕಳಿಗೆ ಅನ್ನದ ಜೊತೆ ಸಂಗೀತ ಕೊಟ್ಟರು. ಅಲ್ಲಿ ಕಲಿತವರು ಉತ್ತರ ಕರ್ನಾಟಕದ ಉದ್ದಗಲಕ್ಕೂ ಪುರಾಣ, ಕೀರ್ತನೆ, ಸಂಗೀತ ಪಾಠ ಎಂದು ಹರಡಿಕೊಂಡರು.

ಬಿಗ್ ಬಿಲ್‌ನ ದಾರಿಗೆ ತದ್ವಿರುದ್ಧ ದಾರಿ ಹಿಡಿದವರು ನಮ್ಮ ಜಿಲ್ಲೆಯವರೇ ಆದ ಪಂಡಿತ ಸಿದ್ಧರಾಮ ಜಂಬಲದಿನ್ನಿ. ಮಾನ್ವಿ ಸೀಮೆಯ ಜಂಬಲದಿನ್ನಿಯ ಈ ಗಾಯಕರ ಹೆಸರನ್ನು ರಾಯಚೂರಿನ ರಂಗಮಂದಿರಕ್ಕೆ ಇಟ್ಟಿದ್ದಾರೆ. ಅಲ್ಲಿ ಕಾರ್ಯಕ್ರಮ ನೋಡಿದವರಲ್ಲಿ ಎಷ್ಟು ಜನ ಅವರ ಹಾಡು ಕೇಳಿದ್ದಾರೋ! ಹಿಂದೂಸ್ತಾನಿಯಲ್ಲಿ ಪಳಗಿದ ಅವರು ವಚನ ಗಾಯನಕ್ಕೆ ಹೆಸರಾದರು. ಏಕತಾರಿ, ತಾಳದ ಜೊತೆ ಸಾಗುತ್ತಿದ್ದ ಪದಕ್ಕೆ ಆಲಾಪ, ತಾನ್ ಹಾಕುವಾಗ ಒಂದು ಅಪಾಯವಿದೆ. ರಾಗ ಮುಂದಾಗಿ ಮಾತು ಹಿಂದೆ ಬೀಳುತ್ತದೆ. ಮಾತಿಗಾಗಿಯೇ ಹುಟ್ಟಿದ ಹಾಡಿನಲ್ಲಿ ಮಾತು ಕೇಳದಿದ್ದರೆ ಉಳಿಯುವುದೇನು? ಈ ದಾರಿಯಲ್ಲಿ ಗೆದ್ದವರು ಸಾಲು ಮುಗಿಯುವ ತನಕ ರಾಗವನ್ನು ಹಿಡಿದಿಟ್ಟು, ಅರ್ಥ ತಲುಪಿದ ಮೇಲೆ ಬಿಟ್ಟವರು. ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನದಲ್ಲೂ ಈ ತಾಳ್ಮೆ ಕೇಳಿಸುತ್ತದೆ.

ಬಿಲ್ ವಾದ್ಯ ಕಳಚುತ್ತ ಹೋಗಿ ಜಾನಪದದವನಾದ. ಇಲ್ಲಿಯವರು ರಾಗ ಸೇರಿಸುತ್ತ ಹೋಗಿ ಪಂಡಿತರಾದರು. ಹಾಡಿನ ಬೇರು ಎರಡೂ ಕಡೆ ದುಡಿಯುವ ಜನರದೇ. ಅಲ್ಲಿ ಮನ್ನಣೆ ಕೊಡುವವರಿಗೆ ಒರಟುತನ ಬೇಕಿತ್ತು, ಇಲ್ಲಿ ಸಂಸ್ಕಾರ ಬೇಕಿತ್ತು.

ಅರ್ಜಿಯಲ್ಲಿ ಯಾವ ಖಾನೆ?

ವಾದ್ಯ ನೋಡಿ ಸಂಗೀತದ ಜಾತಿ ಹೇಳುವ ಚಾಳಿ ಅಮೆರಿಕದ್ದು ಮಾತ್ರವಲ್ಲ. ಇದು ನಮ್ಮ ದೇಶದ ಸಂಗೀತಕ್ಕೆ ಹೊಂದುವ ವಾದ್ಯವಲ್ಲ ಎಂದು ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು. ಆ ನಿಷೇಧ ಸಡಿಲವಾಗಲು ಮೂವತ್ತು ವರ್ಷ ಹಿಡಿಯಿತು. ಅಷ್ಟರಲ್ಲಿ ಪೇಟಿ ಇಲ್ಲದ ಭಜನೆ ನಮ್ಮ ಊರುಗಳಲ್ಲಿ ಅಪರೂಪವಾಗಿತ್ತು. ಕಾಕಾಗೆ ‘ಪೇಟಿ ಬ್ಯಾಡ’ ಎಂದ ಹುಡುಗನಿಗೆ ಈ ಇತಿಹಾಸ ಗೊತ್ತಿರಲಿಕ್ಕಿಲ್ಲ, ಧೋರಣೆ ಮಾತ್ರ ಇಳಿದು ಬಂದಿದೆ.

ಸರ್ಕಾರದ ಮನ್ನಣೆಯೂ ಖಾನೆಗಳಲ್ಲಿ ಬರುತ್ತದೆ. ಸಂಗೀತ ನೃತ್ಯಕ್ಕೆ ಒಂದು ಅಕಾಡೆಮಿ, ಜಾನಪದಕ್ಕೆ ಇನ್ನೊಂದು. ಆಕಾಶವಾಣಿಯಲ್ಲಿ ಶಾಸ್ತ್ರೀಯ, ಸುಗಮ, ಜಾನಪದ ಮೂರಕ್ಕೂ ಬೇರೆ ಬೇರೆ ಆಡಿಷನ್. ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿಯಲ್ಲಿ ಬೇರೆ ಬೇರೆ ವಿಭಾಗ. ರಾಯಚೂರು ಜಿಲ್ಲೆಯ ಸಂಗೀತಗಾರ ಹಂಬಯ್ಯ ನೂಲಿ ಅವರ ಹೆಸರು 2020ರ ಪಟ್ಟಿಯಲ್ಲಿ ಬಂದದ್ದು ಸಂಗೀತದ ಕೆಳಗೆ. ಆದರೆ ಊರ ಭಜನೆಯವರು ಅರ್ಜಿ ಬರೆಯಲು ಕೂತಾಗ ಸಂಗೀತದ ಖಾನೆಗೆ ಅವರ ಹತ್ತಿರ ಪರೀಕ್ಷೆ ಪಾಸಾದ ಕಾಗದವಿರುವುದಿಲ್ಲ, ಗುರುವಿನ ದೊಡ್ಡ ಹೆಸರಿರುವುದಿಲ್ಲ. ಉಳಿಯುವುದು ಜಾನಪದ. ಕಾರ್ಯಕ್ರಮಕ್ಕೆ, ವಯಸ್ಸಾದ ಮೇಲೆ ಮಾಸಾಶನಕ್ಕೆ, ಎಲ್ಲಕ್ಕೂ ಆ ಗುರುತೇ ಬೇಕು.

ಅದರಲ್ಲಿ ಅವಮಾನವೇನೂ ಇಲ್ಲ. ಕಷ್ಟ ಇರುವುದು ಬೇರೆ ಕಡೆ. ಖಾನೆಗೆ ತಕ್ಕಂತೆ ಹಾಡುವ ರೂಢಿ ಬಿದ್ದರೆ ಖಾನೆಗೆ ಹೊಂದದ ಹಾಡು ಮೊದಲು ಉದುರುತ್ತದೆ. ಐದು ನಿಮಿಷಕ್ಕೆ ಹಿಡಿಸುವ, ಚಪ್ಪಾಳೆ ಗಿಟ್ಟುವ, ತಾಳ ಜೋರಿರುವ ನಾಲ್ಕು ಪದ ಉಳಿಯುತ್ತವೆ. ರಾತ್ರಿ ಎರಡು ಗಂಟೆಗೆ, ಎದ್ದಿದ್ದ ಏಳೆಂಟು ಜನರಿಗಾಗಿ ಹಾಡುತ್ತಿದ್ದ ಒಗಟಿನಂಥ ಪದಗಳು ಹೋಗುತ್ತವೆ. ರಾಷ್ಟ್ರೀಯ ಸಂತ ಕವಿ ಕನಕದಾಸ ಅಧ್ಯಯನ ಕೇಂದ್ರ ತತ್ವಪದಗಳ ದೊಡ್ಡ ಸಂಪುಟಗಳನ್ನೇ ತಂದಿದೆ. ಮಾತು ಉಳಿಯಿತು. ಧಾಟಿ ಅಚ್ಚಿಗೆ ಬಗ್ಗುವುದಿಲ್ಲ.

ನಮ್ಮಲ್ಲಿ ಇನ್ನೊಂದು ತಮಾಷೆಯೂ ನಡೆದಿದೆ. ಮೊಬೈಲ್ ತೆಗೆದು ‘ಉತ್ತರ ಕರ್ನಾಟಕ ಜಾನಪದ’ ಎಂದು ಹುಡುಕಿ. ಸಿಗುವುದು ಕೀಬೋರ್ಡ್, ರಿದಂ ಪ್ಯಾಡ್, ಯಂತ್ರ ತಿದ್ದಿದ ಕಂಠ, ಟ್ರ್ಯಾಕ್ಟರು, ಕೈಕೊಟ್ಟ ಹುಡುಗಿ. ಕೆಲವರಿಗೆ ಮೈಯೆಲ್ಲ ಉರಿಯುತ್ತದೆ, ಇದೆಂಥ ಜಾನಪದ ಎಂದು. ಆದರೆ ಗುಳೆ ಹೋದ ಹುಡುಗರು ಬೆಂಗಳೂರಿನ ಶೆಡ್ಡಿನಲ್ಲಿ ರಾತ್ರಿ ಕೇಳುವುದು ಇದನ್ನೇ. ಮಡ್ಡಿ ವಾಟರ್ಸ್ ಷಿಕಾಗೊದಲ್ಲಿ ಹಾಡುತ್ತಿದ್ದುದು ಇಂಥ ಹುಡುಗರಿಗೇ, ಆಂಪ್ಲಿಫೈಯರ್ ಹಚ್ಚಿದ್ದೂ ಇಂಥವರಿಗಾಗಿಯೇ. ಇವುಗಳಲ್ಲಿ ಬಹಳಷ್ಟು ಹಾಡುಗಳ ಸಾಹಿತ್ಯ ನನಗೂ ಸೇರುವುದಿಲ್ಲ. ಅದು ಬೇರೆ ಜಗಳ. ಕೀಬೋರ್ಡ್ ಇದೆ ಎಂಬ ಕಾರಣಕ್ಕೆ ಜಗಳ ಬೇಡ.

ಕೊನೆಯ ಧ್ವನಿಮುದ್ರಣ

ಬಿಗ್ ಬಿಲ್ 1950ರ ದಶಕದ ಬೇಸಿಗೆಗಳಲ್ಲಿ ಮಿಷಿಗನ್ನಿನ ಸರ್ಕಲ್ ಪೈನ್ಸ್ ಎಂಬ ಸಹಕಾರಿ ಶಿಬಿರದಲ್ಲಿ ಅಡುಗೆ ಮಾಡುತ್ತ, ಹಾಡುತ್ತ ಇರುತ್ತಿದ್ದ. 1957ರಲ್ಲಿ ಗಾಯಕ ಪೀಟ್ ಸೀಗರ್ ಅಲ್ಲಿಯೇ ಅವನನ್ನು ಕ್ಯಾಮೆರಾದಲ್ಲಿ ಹಿಡಿದ. ಗಿಟಾರಿನ ಕೆಳತಂತಿಯ ಮೇಲೆ ಹೆಬ್ಬೆರಳು ನಡಿಗೆಯಂತೆ ಒಂದೇ ಸಮ ಬೀಳುತ್ತದೆ, ಮೇಲಿನ ತಂತಿಗಳಲ್ಲಿ ಉಳಿದ ಬೆರಳು ಸ್ವತಂತ್ರವಾಗಿ ಓಡಾಡುತ್ತವೆ. ಎರಿಕ್ ಕ್ಲಾಪ್ಟನ್‌ನಂಥ ಇಂಗ್ಲಿಷ್ ಹುಡುಗರನ್ನು ಮರುಳು ಮಾಡಿದ ಕೈ ಇದು. 1992ರಲ್ಲಿ ಕ್ಲಾಪ್ಟನ್ ಕರೆಂಟಿಲ್ಲದ ಗಿಟಾರ್ ಹಿಡಿದು ಮಾಡಿದ ಆಲ್ಬಂನಲ್ಲಿ ಬಿಲ್‌ನ ಹಾಡೂ ಇದೆ.

1957ರ ಜುಲೈನಲ್ಲಿ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗೆ ಮುಂಚೆ ಬಿಲ್ ರ‍್ಯಾಂಡಲ್ ಎಂಬ ರೇಡಿಯೊ ನಿರೂಪಕ ಅವನನ್ನು ಷಿಕಾಗೊದ ಸ್ಟುಡಿಯೊಗೆ ಕರೆಸಿದ. ಇಂಥದ್ದೇ ಹಾಡು ಎಂಬ ಕಟ್ಟಳೆ ಇರಲಿಲ್ಲ. ಬಿಲ್ ಬ್ಲೂಸ್ ಹಾಡಿದ, ಚರ್ಚಿನ ಹಾಡು ಹಾಡಿದ, ಸತ್ತ ಗೆಳೆಯರ ಹಾಡು ಹಾಡಿದ, ನಡುವೆ ಯಾರು ಹೇಗೆ ನುಡಿಸುತ್ತಿದ್ದರು ಎಂದು ಮಾತಾಡಿದ. ಆ ಧ್ವನಿಮುದ್ರಣ ಮುಂದೆ ಐದು ಲಾಂಗ್‌ಪ್ಲೇ ತಟ್ಟೆಗಳಾಗಿ ಬಂತು. ಚಿಕಿತ್ಸೆಯಾದ ಮೇಲೆ ಕಂಠ ಹೋಯಿತು. ಡಿಸೆಂಬರ್‌ನಲ್ಲಿ ಷಿಕಾಗೊದ ಜಾನಪದ ಸಂಗೀತ ಶಾಲೆ ಓಲ್ಡ್ ಟೌನ್ ಸ್ಕೂಲ್ ಶುರುವಾದ ದಿನ ಅವನು ಹಾಡಲಾಗದೆ ಗಿಟಾರ್ ನುಡಿಸಿ ಬಂದ. 1958ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ಹೆಣಕ್ಕೆ ಹೆಗಲು ಕೊಟ್ಟವರಲ್ಲಿ ಮಡ್ಡಿ ವಾಟರ್ಸ್ ಇದ್ದ. ಕರೆಂಟ್ ಗಿಟಾರಿನ ಆ ಮಡ್ಡಿ ಮುಂದೆ ಬಿಲ್‌ನ ಹಾಡುಗಳನ್ನೇ ಆಯ್ದು ಇಡೀ ಒಂದು ಆಲ್ಬಂ ಮಾಡಿದ.

ರ‍್ಯಾಂಡಲ್ ಮಾಡಿದ ಕೆಲಸಕ್ಕೆ ಈಗ ಸ್ಟುಡಿಯೊ ಬೇಕಿಲ್ಲ. ಮುಂದಿನ ಅಮಾವಾಸ್ಯೆಗೆ ಯಾರಾದರೂ ಮೊಬೈಲನ್ನು ಪೇಟಿಯಿಂದ ಸ್ವಲ್ಪ ದೂರ, ಹಾಡುವವರ ಮುಖಕ್ಕೆ ನೇರವಾಗಿ ಇಟ್ಟರೆ ಸಾಕು. ಪೇಟಿಯ ಪಕ್ಕದಲ್ಲೇ ಇಟ್ಟರೆ ಮಾತು ಮುಳುಗಿಹೋಗುತ್ತದೆ. ಏರೋಪ್ಲೇನ್ ಮೋಡ್ ಹಾಕಿ, ನಡುವೆ ಕರೆ ಬಂದು ರೆಕಾರ್ಡಿಂಗ್ ನಿಲ್ಲದಿರಲಿ. ಊರು, ತಾರೀಖು, ಹಾಡಿದವರು, ಅವರಿಗೆ ಆ ಪದ ಕಲಿಸಿದವರು ಯಾರು ಎಂದು ಮೊದಲೇ ಬಾಯಲ್ಲಿ ಹೇಳಿಸಿ. ರಂಗಗೀತೆ, ಸಿನಿಮಾ ಹಾಡು ಬಂದಾಗ ನಿಲ್ಲಿಸಬೇಡಿ, ಬೆಳಗಿನ ಮಂಗಳದ ತನಕ ಓಡಲಿ.